ಅತ್ತೆಯ ಮೇಲೆ ಕತ್ತರಿ ಯಾಕೆ?

ಪತ್ರ: ಸಂಪಾದಕರೇ, ನಾನು ಬರೆದ ಮೊದಲ ಕಾದಂಬರಿಯನ್ನು ಓದಿದವರೆಲ್ಲ ನಾಯಕಿಯನ್ನು ಬಿಟ್ಟು ಅವಳ ಸೋದರತ್ತೆಯ ಬಗ್ಗೆಯೇ ಮಾತಾಡುತ್ತಾರೆ. ಅತ್ತೆ ಬರುವುದೇ ಅಪರೂಪಕ್ಕೆ. ಅವಳ ಭಾಗವನ್ನು ಇನ್ನಷ್ಟು ಕಡಿಮೆ ಮಾಡಬೇಕೆ? ಮೂರು ಅಧ್ಯಾಯ ಜೊತೆಗಿಟ್ಟಿದ್ದೇನೆ. (ಹೆಸರು ಬೇಡ ಎಂದಿದ್ದಾರೆ)

ಉತ್ತರ: ಬೇಡ. ಅತ್ತೆಯ ಒಂದು ಸಾಲನ್ನೂ ಮುಟ್ಟಬೇಡಿ. ನೀವು ಕಳಿಸಿದ್ದನ್ನು ಪೂರ್ತಿ ಓದಿಯೇ ಹೇಳುತ್ತಿದ್ದೇನೆ.

ಕತ್ತರಿಸಿ ಎನ್ನುವವರ ಮಾತಿನಲ್ಲೂ ಸ್ವಲ್ಪ ನ್ಯಾಯ ಇದೆ, ಒಪ್ಪೋಣ. ಒಂದು ಪಾತ್ರ ಬಂದಾಗಲೆಲ್ಲ ಕಥೆ ನಿಂತು ಬರೀ ತಮಾಷೆ ನಡೆದರೆ ತೆಗೆಯಲೇಬೇಕು. ಇಂಥವರು ತಪ್ಪದೆ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕದ ಮರ್ಕ್ಯೂಶಿಯೋನನ್ನು, ಅಂದರೆ ರೋಮಿಯೋನ ಮಾತುಗಾರ ಗೆಳೆಯನನ್ನು, ಎಳೆದು ತರುತ್ತಾರೆ. ಅವನನ್ನು ಮೂರನೇ ಅಂಕದಲ್ಲೇ ಕೊಲ್ಲದಿದ್ದರೆ ಅವನೇ ನನ್ನನ್ನು ಕೊಲ್ಲುತ್ತಿದ್ದ ಎಂದು ಶೇಕ್ಸ್‌ಪಿಯರ್ ಹೇಳಿದ್ದನಂತೆ. ಇದನ್ನು 1672ರಲ್ಲಿ ಬರೆದಿಟ್ಟವನು ಇಂಗ್ಲಿಷ್ ಕವಿ ಡ್ರೈಡನ್. ಆದರೆ ಅದರ ಬೆನ್ನಿಗೇ ಡ್ರೈಡನ್ ಇನ್ನೊಂದು ಮಾತು ಸೇರಿಸಿದ್ದಾನೆ. ನನಗೇನೂ ಅವನು ಅಷ್ಟು ಅಪಾಯದವನಾಗಿ ಕಾಣಲಿಲ್ಲ, ನಾಟಕ ಮುಗಿಯುವವರೆಗೂ ಬದುಕಿದ್ದು ಹಾಸಿಗೆಯಲ್ಲೇ ಸಾಯಬಹುದಿತ್ತು, ಅಂತ. ಈ ಎರಡನೇ ಮಾತು ಯಾರ ಬಾಯಲ್ಲೂ ಬರುವುದಿಲ್ಲ, ನೋಡಿ.

ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಏನು ಮಾಡಿದ? 1836ರಲ್ಲಿ ಪಿಕ್‌ವಿಕ್ ಕಥೆಯನ್ನು ತಿಂಗಳ ಕಂತುಗಳಾಗಿ ಶುರು ಮಾಡಿದಾಗ ಕೊಳ್ಳುವವರೇ ಇರಲಿಲ್ಲ. ನಾಲ್ಕನೇ ಕಂತಿನಲ್ಲಿ ಬೂಟು ಒರೆಸುವ ಸ್ಯಾಮ್ ವೆಲ್ಲರ್ ಬಂದ. ಜನ ಅವನನ್ನು ಮೆಚ್ಚಿದರು. ಮಾರಾಟ ಏರುತ್ತಾ ಹೋಗಿ ಕೊನೆಗೆ ಸುಮಾರು 40,000 ಪ್ರತಿ ಮುಟ್ಟಿತು. ಡಿಕನ್ಸ್ ಆಗ ಸ್ಯಾಮ್‌ನ ಮಾತು ಕಡಿಮೆ ಮಾಡಲಿಲ್ಲ. ಅವನನ್ನು ಪಿಕ್‌ವಿಕ್‌ನ ಆಳಾಗಿ ಸೇರಿಸಿ ಇಬ್ಬರನ್ನೂ ಒಟ್ಟಿಗೆ ಊರೂರು ಸುತ್ತಿಸಿದ. ಅಲ್ಲಿಯವರೆಗೆ ಬರೀ ನಗೆಪಾಟಲಾಗಿದ್ದ ಯಜಮಾನ ಈ ಆಳಿನ ಸಹವಾಸದಲ್ಲಿ ಪ್ರೀತಿ ಹುಟ್ಟಿಸುವ ಮನುಷ್ಯನಾದ.

ನಮ್ಮ ಪಂಪನಿಗೂ ಇದೇ ಪಾಡು ಬಂದಿತ್ತು. ಕಾವ್ಯದ ನಾಯಕ ಅರ್ಜುನ. ಅರ್ಜುನ ಎಂದರೆ ಅನ್ನ ಕೊಟ್ಟ ದೊರೆ ಅರಿಕೇಸರಿಯೇ ಎಂದು ಬೇರೆ ಬರೆಯಬೇಕು. ಅಷ್ಟು ಬಿಗಿಯಲ್ಲೂ, ಭಾರತದಲ್ಲಿ ಯಾರನ್ನಾದರೂ ಮನಸಾರೆ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಹೇಳಿಯೇಬಿಟ್ಟ. ದೊರೆ ಏನಂದುಕೊಂಡನೋ! ನಿಮಗಿರುವ ಭಯ ಬರೀ ಓದುಗರದ್ದು, ಅಲ್ವಾ?

ಈಗ ನಿಮ್ಮ ನಾಯಕಿಯ ವಿಷಯ. ಸ್ವಲ್ಪ ಗದರುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮೂರು ಅಧ್ಯಾಯಗಳಲ್ಲಿ ಅವಳು ಒಂದು ಸುಳ್ಳು ಹೇಳುವುದಿಲ್ಲ, ಯಾರ ಮೇಲೂ ರೇಗುವುದಿಲ್ಲ, ಇಂಥದ್ದು ಬೇಕು ಎಂದು ಬಾಯಿಬಿಟ್ಟು ಕೇಳುವುದಿಲ್ಲ. ಕಿಟಕಿ ಹತ್ತಿರ ನಿಂತು ಯೋಚಿಸುತ್ತಾಳೆ. ಅತ್ತೆಯೋ, ಬಂದ ಮೊದಲ ಪುಟದಲ್ಲೇ ಸೊಸೆಗೆ ಬಂದ ಕಾಗದ ಒಡೆದು ಓದುತ್ತಾಳೆ, ಎದ್ದು ಕಾಣುವ ಹಾಗೆ ಮತ್ತೆ ಅಂಟಿಸುತ್ತಾಳೆ, ಊಟಕ್ಕೆ ಕೂತಾಗ ಅದರಲ್ಲಿದ್ದ ಸುದ್ದಿಯನ್ನು ತಾನೇ ಹೇಳಿಬಿಡುತ್ತಾಳೆ. ಜನ ಯಾರ ಬಗ್ಗೆ ಮಾತಾಡಬೇಕು ಹೇಳಿ?

ಅತ್ತೆಯನ್ನು ಬರೆಯುವಾಗ ನಿಮಗೆ ಭಯವಿರಲಿಲ್ಲ. ಅವಳು ಕೆಟ್ಟವಳಾಗಿ ಕಂಡರೆ ನಿಮ್ಮ ಗಂಟೇನೂ ಹೋಗುವುದಿಲ್ಲ. ನಾಯಕಿಯ ಮೇಲೆ ಮಾತ್ರ ನಿಮ್ಮ ಆದರ್ಶ, ನಿಮ್ಮ ನೋವು, ಸಮಾಜಕ್ಕೆ ಹೇಳಬೇಕಾದದ್ದು ಎಲ್ಲ ಹೇರಿದ್ದೀರಿ. ಇನ್ನೊಂದೂ ಇದೆ. ಇಡೀ ಕಥೆಯನ್ನು ನಾವು ಅವಳ ಕಣ್ಣಿಂದಲೇ ನೋಡುತ್ತೇವೆ. ಹಾಗಾಗಿ ಉಳಿದವರೆಲ್ಲ ನಿಚ್ಚಳವಾಗಿ ಕಾಣುತ್ತಾರೆ, ಅವಳೊಬ್ಬಳು ಕಾಣುವುದಿಲ್ಲ. ಅವಳು ಏನಾದರೂ ಮಾಡಿದರಷ್ಟೇ ಕಂಡಾಳು.

ಅತ್ತೆ ಕಾಗದ ಓದಿದ್ದು ಗೊತ್ತಾದಾಗ ‘ಅವಳಿಗೆ ಅತ್ತೆಯ ಒಂಟಿತನ ಅರ್ಥವಾಯಿತು’ ಎಂದು ಬರೆದಿದ್ದೀರಿ. ಇಷ್ಟು ಬೇಗ ಯಾಕೆ ಅರ್ಥವಾಗಬೇಕು? ಜಗಳವಾಡಲಿ. ಇಲ್ಲದಿದ್ದರೆ ಮುಂದಿನ ಕಾಗದವನ್ನು ತಾನೇ ಸುಳ್ಳು ಸುಳ್ಳು ಬರೆದು ತನ್ನ ವಿಳಾಸಕ್ಕೇ ಪೋಸ್ಟ್ ಮಾಡಲಿ, ಅತ್ತೆ ಓದಲಿ ಎಂದೇ. ಆಗ ಅತ್ತೆ ಜೋರಾದಷ್ಟೂ ಇವಳೂ ಜೋರಾಗುತ್ತಾಳೆ.

ಹಾಗೆ ನೋಡಿದರೆ ತಪ್ಪು ನಿಮ್ಮೊಬ್ಬರದಲ್ಲ. ನಮ್ಮ ಕಚೇರಿಗೆ ಬರುವ ಹಸ್ತಪ್ರತಿಗಳಲ್ಲಿ ನಾಯಕ ಬಹುಪಾಲು ಒಬ್ಬನೇ. ಸೂಕ್ಷ್ಮ ಮನಸ್ಸಿನವನು, ಪುಸ್ತಕ ಓದುವವನು, ಲೋಕ ಅವನನ್ನು ತಪ್ಪು ತಿಳಿದಿದೆ. ಬರೆದವರ ಫೋಟೋ ಜೊತೆಗಿಟ್ಟು ನೋಡಿದರೆ ಬೇರೆ ಪುರಾವೆ ಬೇಕಿಲ್ಲ. ಸ್ಪರ್ಧೆಯ ತೀರ್ಪುಗಾರರೂ ಇದನ್ನೇ ಬೆಳೆಸುತ್ತಾರೆ. ನಾಯಕ ಯಾವ ಮೌಲ್ಯವನ್ನು ಎತ್ತಿಹಿಡಿದ ಅಂತ ಹುಡುಕುತ್ತಾರೆ. ಬೆನ್ನುಡಿ ಬರೆಯುವವರಂತೂ ಪುಸ್ತಕ ಬಿಚ್ಚುವ ಮೊದಲೇ ಆ ಮೌಲ್ಯವನ್ನು ಕಂಡಿರುತ್ತಾರೆ.

ಈಚೆಗೆ ಒಬ್ಬರು ನಮಗೆ ಒಂದು ಕಾದಂಬರಿಯ ವಿಮರ್ಶೆ ಕಳಿಸಿದ್ದರು. ಪೂರ್ತಿ ಪುಟ ನಾಯಕನ ಆದರ್ಶದ ಬಗ್ಗೆಯೇ. ಫೋನ್ ಮಾಡಿ, ಅದರಲ್ಲಿ ನಿಮಗೆ ಯಾರು ಇಷ್ಟವಾದರು ಅಂತ ಸುಮ್ನೆ ಕೇಳಿದೆ. ‘ಅಡುಗೆಯವಳು ಸಾರ್, ಬಿದ್ದು ಬಿದ್ದು ನಕ್ಕೆ’ ಅಂದರು. ವಿಮರ್ಶೆಯಲ್ಲಿ ಅವಳ ಹೆಸರೇ ಇರಲಿಲ್ಲ. ಅದನ್ನೇ ಬರೆಯಿರಿ ಅಂದೆ. ‘ಗಂಭೀರ ವಿಮರ್ಶೆಯಲ್ಲಿ ಅದೆಲ್ಲ ಹೇಗೆ ಸಾರ್’ ಅಂದರು.