ಸುಸಾನಾಳ ತವರು ಯಾವುದು?

ಪ್ರಶ್ನೆ: ನಮ್ಮ ಮನೆತನದ ವಂಶವೃಕ್ಷ ಬರೆಯುತ್ತಿದ್ದೇನೆ. ಏಳು ತಲೆಮಾರಿನ ಗಂಡಸರ ಹೆಸರು ಸಿಕ್ಕಿದೆ. ಅಜ್ಜಿಯರ ವಿಷಯಕ್ಕೆ ಬಂದರೆ ‘ಮುಳಬಾಗಿಲ ಕಡೆಯಿಂದ ಬಂದವಳು’ ಎನ್ನುವುದಕ್ಕಿಂತ ಹೆಚ್ಚು ಯಾರಿಗೂ ತಿಳಿಯದು. 1620ರಲ್ಲಿ ಮೇಫ್ಲವರ್ ಹಡಗಿನಲ್ಲಿ ಅಮೆರಿಕಕ್ಕೆ ಹೋದ ಸುಸಾನಾ ಎಂಬ ಇಂಗ್ಲಿಷ್ ಹೆಂಗಸಿನ ತವರು ಸುಮಾರು ನಾನೂರು ವರ್ಷಗಳ ಮೇಲೆ ಗೊತ್ತಾಯಿತೆಂದು ಓದಿದೆ. ಅದು ಸಾಧ್ಯವಾದದ್ದು ಹೇಗೆ?
– ಓದುಗರೊಬ್ಬರು, ಬಂಗಾರಪೇಟೆ, ಕೋಲಾರ ಜಿಲ್ಲೆ

ಉತ್ತರ: ಸುಸಾನಾ ಅಜ್ಞಾತಳೇನಲ್ಲ. ಹಡಗು ಅಮೆರಿಕದ ಕರಾವಳಿಯ ಕೇಪ್ ಕಾಡ್ ಬಳಿ ಲಂಗರು ಹಾಕಿದ್ದಾಗಲೇ ಪೆರೆಗ್ರಿನ್ ಎಂಬ ಮಗನನ್ನು ಹೆತ್ತವಳು. 1621ರ ಫೆಬ್ರವರಿ 21ರಂದು ಗಂಡ ವಿಲಿಯಂ ವೈಟ್ ತೀರಿಕೊಂಡ ಮೇಲೆ, ಹೆಂಡತಿ ಸತ್ತು ಏಳು ವಾರವಾಗಿದ್ದ ಎಡ್ವರ್ಡ್ ವಿನ್ಸ್ಲೋನನ್ನು ಮೇ 12ರಂದು ಕೈಹಿಡಿದವಳು. ಆ ಹಡಗಿನವರು ಕಟ್ಟಿದ ಪ್ಲಿಮತ್ ವಸಾಹತಿನಲ್ಲಿ ನಡೆದ ಮೊದಲ ಮದುವೆ ಅದು. ಇಷ್ಟೆಲ್ಲ ತಿಳಿದಿದ್ದರೂ ಅವಳು ಯಾರ ಮಗಳೆಂಬುದು ಮಾತ್ರ ತಿಳಿದಿರಲಿಲ್ಲ.

ಹುಡುಕಿದವರು ಮೊದಲು ದಾರಿ ತಪ್ಪಿದರು. ಇಂಗ್ಲೆಂಡಿನ ಅಧಿಕೃತ ಚರ್ಚನ್ನು ತೊರೆದು, ಮುಂದೆ ಮೇಫ್ಲವರ್ ಹತ್ತಿದ ಗುಂಪು ಮೊದಲು ನೆಲೆಸಿದ್ದ ಹಾಲೆಂಡಿನ ಲೈಡನ್ ನಗರದ 1612ರ ದಾಖಲೆಯೊಂದರಲ್ಲಿ ವಿಲಿಯಂ ವೈಟ್ ಎಂಬಾತ ಆನ್ ಫುಲ್ಲರ್ ಎಂಬುವಳನ್ನು ಮದುವೆಯಾದದ್ದು ಬರೆದಿದೆ. ಗಂಡನ ಹೆಸರು ಒಂದೇ ಆಗಿದ್ದುದರಿಂದ, ಆನ್ ಎಂದರೆ ಸುಸಾನಾ ಎಂದೇ ಬಹುಕಾಲ ನಂಬಲಾಗಿತ್ತು. ಆದರೆ ವಿಲಿಯಂ ವೈಟ್ ಎಂಬುದು ಇಂಗ್ಲಿಷರಲ್ಲಿ ನಮ್ಮ ಮುನಿಯಪ್ಪನಷ್ಟೇ ಸಾಮಾನ್ಯವಾದ ಹೆಸರು!

ಸರಿಯಾದ ಸುಳಿವು ಸಿಕ್ಕಿದ್ದು ಒಂದು ಕಾಗದದಲ್ಲಿ. 1623ರ ಅಕ್ಟೋಬರಿನಲ್ಲಿ ವಿನ್ಸ್ಲೋ ಇಂಗ್ಲೆಂಡಿನ ಲಿಂಕನ್‌ಶೈರಿನ ಸ್ಪಾಲ್ಡಿಂಗಿನಲ್ಲಿದ್ದ ರಾಬರ್ಟ್ ಜಾಕ್ಸನ್ನನಿಗೆ ‘ಅಂಕಲ್’ ಎಂದು ಸಂಬೋಧಿಸಿ ಬರೆದ ಪತ್ರವದು. ಅಳಿಯ ವೈಟ್ ಸತ್ತದ್ದನ್ನೂ, ಮಗಳೂ ಅವಳ ಇಬ್ಬರು ಮಕ್ಕಳೂ ಕ್ಷೇಮವಾಗಿರುವುದನ್ನೂ, ಅವಳು ಈಗ ತನ್ನ ಹೆಂಡತಿಯೆಂಬುದನ್ನೂ ಹೆಣ್ಣು ಕೊಟ್ಟ ಮಾವನಿಗೆ ಹಿಂದೆಯೇ ತಿಳಿಸಿದ್ದೆನೆಂದು ಅದರಲ್ಲಿ ಹೇಳಿದ್ದಾನೆ. ಇಂಗ್ಲಿಷಿನ ‘ಅಂಕಲ್’ ಚಿಕ್ಕಪ್ಪನೋ ಸೋದರಮಾವನೋ ಹೆಂಡತಿಯ ಕಡೆಯವನೋ ಎಂಬುದನ್ನು ಬಿಟ್ಟುಕೊಡುವುದಿಲ್ಲ. ಕನ್ನಡದಲ್ಲಿ ಬರೆದಿದ್ದರೆ ಅರ್ಧ ಗಂಟು ಅಲ್ಲಿಯೇ ಬಿಚ್ಚಿಕೊಳ್ಳುತ್ತಿತ್ತು. ಜಾಕ್ಸನ್ ಎಂಬ ಕುಲನಾಮದ ಜಾಡು ಹಿಡಿದ ಸಂಶೋಧಕರು, ಇಂಗ್ಲೆಂಡಿನ ಸ್ಕ್ರೂಬಿ ಊರಿನ ರಿಚರ್ಡ್ ಜಾಕ್ಸನ್ನನೇ ಅವಳ ತಂದೆಯೆಂದು 2017ರಲ್ಲಿ ಪ್ರಕಟಿಸಿದರು. ಆ ಗುಂಪಿನ ಮುಂದಾಳಾಗಿ ಮುಂದೆ ವಸಾಹತಿನ ಹಿರಿಯನಾದ ವಿಲಿಯಂ ಬ್ರೂಸ್ಟರ್‌ನೊಡನೆ ಧರ್ಮನ್ಯಾಯಾಲಯದಿಂದ ದಂಡಕ್ಕೊಳಗಾದವನು ಇದೇ ರಿಚರ್ಡ್. ಅವಳು ಆ ಗುಂಪಿನೊಡನೆ ಹಡಗು ಹತ್ತಿದ್ದು ಏಕೆಂಬುದಕ್ಕೂ ಇದು ಬೆಳಕು ಚೆಲ್ಲುತ್ತದೆ.

ನಿಮ್ಮ ಅಜ್ಜಿಯರನ್ನೂ ಅವರ ಹೆಸರಿನಿಂದಲ್ಲ, ಸುತ್ತಲಿನವರ ಬರವಣಿಗೆಯಿಂದಲೇ ಹುಡುಕಬೇಕು. ಪಹಣಿ, ಕ್ರಯಪತ್ರಗಳಿಗಿಂತ ಮೊದಲು ಅಟ್ಟದ ಮೇಲಿನ ಮುಯ್ಯಿ ಪುಸ್ತಕಗಳನ್ನು ಕೆಳಗಿಳಿಸಿರಿ. ನಿಮ್ಮ ಕಡೆ ಅವು ತೆಲುಗು ಲಿಪಿಯಲ್ಲಿಯೂ ಇರುವುದುಂಟು, ಆದ್ದರಿಂದ ಓದಬಲ್ಲ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಯಾವುದಾದರೂ ಮದುವೆಯ ಪುಟದಲ್ಲಿ ‘ಸೋದರಮಾವ, ಸೀರೆ ಒಂದು, ಕಣ ಎರಡು’ ಎಂಬ ಸಾಲಿದ್ದರೆ, ಅದರ ಎದುರಿಗೆ ಬರೆದಿರುವ ಊರೇ ಆ ಮದುಮಗಳ ತಾಯಿಯ ತವರು. ಒಂದೇ ಹೆಸರು ಕಂಡೊಡನೆ ಒಪ್ಪಬೇಡಿ. ಅದೇ ಊರು ಇನ್ನೊಂದು ಮದುವೆಯ ಪುಟದಲ್ಲಿಯೂ ಬರುವುದೇ ಎಂದು ನೋಡಿ.