ಕಣ್ಣೀರು ಬತ್ತಿದರೆ ವಿಶ್ವಾಸವೂ ಬತ್ತಿತೇ?

ಪ್ರಿಯ ಸಹೋದರಿ,

ಕರ್ತನಲ್ಲಿ ವಂದನೆಗಳು. ನಿಮ್ಮ ದೀರ್ಘ ಪತ್ರ ತಲುಪಿತು. ನೀವು ಕೇಳಿಕೊಂಡಂತೆ ಹೆಸರನ್ನೂ ಊರನ್ನೂ ಪ್ರಕಟಿಸುತ್ತಿಲ್ಲ. ಆದರೆ ಇಂಥದೇ ಕಳವಳದಲ್ಲಿರುವ ಇತರ ಓದುಗರಿಗೂ ಉಪಯೋಗವಾಗಲೆಂದು ಪತ್ರದ ಸಾರವನ್ನು ಹೇಳಿ, ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ದೃಢೀಕರಣವಾದ, ಎಂದರೆ ವಿಶ್ವಾಸವನ್ನು ಸಭೆಯ ಮುಂದೆ ಸ್ವತಃ ಒಪ್ಪಿ ಹೇಳಿದ, ಹೊಸತರಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದರೆ ಸಾಕು, ಕಣ್ಣು ತುಂಬಿಬರುತ್ತಿತ್ತು. ಸತ್ಯವೇದವನ್ನು ತೆರೆದರೆ ಒಂದೊಂದು ವಚನವೂ ನಿಮಗಾಗಿಯೇ ಬರೆದಂತೆ ತೋರುತ್ತಿತ್ತು ಎಂದಿದ್ದೀರಿ. ಈಗ ಹಾಸಿಗೆ ಹಿಡಿದಿರುವ ಅತ್ತೆಯವರ ಆರೈಕೆಯಲ್ಲಿ ದಿನವೆಲ್ಲ ಕಳೆಯುತ್ತದೆ, ಬೆಳಗಿನ ಸ್ವಲ್ಪ ಹೊತ್ತು ಮಾತ್ರ ನಿಮ್ಮದಾಗಿ ಉಳಿದಿದೆ, ಆ ಹೊತ್ತಿನಲ್ಲಿಯೂ ಮನಸ್ಸು ಮರಗಟ್ಟಿದಂತಿರುತ್ತದೆ. ಪ್ರಾರ್ಥನಾ ಕೂಟಕ್ಕೆ ಬಹಳ ದಿನಗಳ ನಂತರ ಹೋದಾಗ ಕಿರಿಯ ಸಹೋದರಿಯೊಬ್ಬರು, ನಿಮಗೆ ಅನ್ಯಭಾಷೆಯ ವರ (ಪವಿತ್ರಾತ್ಮನ ಪ್ರೇರಣೆಯಿಂದ, ತಾನು ಕಲಿಯದ ನುಡಿಯಲ್ಲಿ ಪ್ರಾರ್ಥಿಸುವ ವರ) ದೊರೆತಿಲ್ಲವಾದ್ದರಿಂದ ನೀವಿನ್ನೂ ಹಾಲು ಕುಡಿಯುವ ಕೂಸು ಎಂದರು. ಅದೇ ವಾರ ಸಭಾಪಾಲಕರು ನಿಮ್ಮನ್ನು ಸಂಡೇ ಸ್ಕೂಲಿನಲ್ಲಿ ಕಲಿಸುವಂತೆ ಕೇಳಿದರು. ನಾನು ಬೆಳೆಯುತ್ತಿದ್ದೇನೆಯೇ ಅಥವಾ ಹಿಂದೆ ಸರಿಯುತ್ತಿದ್ದೇನೆಯೇ, ಕಲಿಸುವ ಯೋಗ್ಯತೆ ನನಗಿದೆಯೇ ಎಂದು ಕೇಳಿದ್ದೀರಿ. ಕೊನೆಗೆ, ಸಹಿಯ ಮೇಲೆ, ಇನ್ನೊಂದು ಸಾಲು ಇದೆ: ಗದ್ದೆಯ ಪಾಲಿನ ಜಗಳವಾದಂದಿನಿಂದ ಅದೇ ಸಭೆಯಲ್ಲಿರುವ ವಾರಗಿತ್ತಿಯೊಂದಿಗೆ ಮಾತಿಲ್ಲ, ಆದ್ದರಿಂದ ದೇವಾಲಯದಲ್ಲಿ ಅವರಿಂದ ದೂರ ಕುಳಿತುಕೊಳ್ಳುತ್ತೀರಿ. ಆ ಸಾಲಿಗೆ ಆಮೇಲೆ ಬರುತ್ತೇನೆ.

ಹಾಲು ಕುಡಿಯುವ ಕೂಸು ಎಂಬ ಮಾತು ಸತ್ಯವೇದದ್ದೇ. ಆದರೆ ಅದನ್ನು ಯಾರು, ಯಾರಿಗೆ, ಯಾವ ಕಾರಣಕ್ಕೆ ಹೇಳಿದರು ಎಂಬುದನ್ನು ಬಿಟ್ಟು ಬಳಸಿದರೆ ಅದು ತಪ್ಪಾದ ಎದೆಗೆ ತಾಗುತ್ತದೆ. ಅಪೊಸ್ತಲನಾದ ಪೌಲನು ಗ್ರೀಸಿನ ಕೊರಿಂಥ ಪಟ್ಟಣದಲ್ಲಿ ಒಂದೂವರೆ ವರ್ಷ ತಂಗಿದ್ದು ಸಭೆಯನ್ನು ಸ್ಥಾಪಿಸಿದನು. ಆಗ ಅಲ್ಲಿ ಅಧಿಪತಿಯಾಗಿದ್ದ ಗಲ್ಲಿಯೋನನ ಹೆಸರು ಡೆಲ್ಫಿಯ ಶಿಲಾಶಾಸನದಲ್ಲಿಯೂ ಇರುವುದರಿಂದ ಅದು ಕ್ರಿ.ಶ. 51ರ ಆಸುಪಾಸಿನ ಕಾಲ ಎಂದು ಬಲ್ಲವರು ನಿರ್ಣಯಿಸಿದ್ದಾರೆ. ಕೆಲವೇ ವರ್ಷಗಳ ನಂತರ ಎಫೆಸದಿಂದ ಆ ಸಭೆಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿಯೇ ಅವನು, ನೀವು ಯಾವ ವರದಲ್ಲಿಯೂ ಕೊರತೆಯುಳ್ಳವರಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಅಲ್ಲಿ ಅನ್ಯಭಾಷೆಗಳು ಎಷ್ಟಿದ್ದವೆಂದರೆ, ಒಬ್ಬರಾದ ಮೇಲೆ ಒಬ್ಬರು ಮಾತನಾಡಿ, ಅರ್ಥ ಹೇಳುವವರಿಲ್ಲದಿದ್ದರೆ ಸುಮ್ಮನಿರಿ ಎಂದು ಹದಿನಾಲ್ಕನೆಯ ಅಧ್ಯಾಯದಲ್ಲಿ ಕ್ರಮ ವಿಧಿಸಬೇಕಾಯಿತು. ಇಂಥವರನ್ನೇ ಪೌಲನು ಮೂರನೆಯ ಅಧ್ಯಾಯದಲ್ಲಿ ಕ್ರಿಸ್ತನಲ್ಲಿ ಇನ್ನೂ ಕೂಸುಗಳು, ಹಾಲಿಗಿಂತ ಹೆಚ್ಚಿನದನ್ನು ತಾಳಲಾರದವರು ಎಂದು ಕರೆದನು. ಕಾರಣವನ್ನೂ ಅವನು ಮುಚ್ಚಿಡಲಿಲ್ಲ. ಅವರಲ್ಲಿ ಹೊಟ್ಟೆಕಿಚ್ಚು ಮತ್ತು ಜಗಳಗಳಿದ್ದವು. ಒಬ್ಬನು ನಾನು ಪೌಲನವನು ಎಂದರೆ ಇನ್ನೊಬ್ಬನು ನಾನು (ಮತ್ತೊಬ್ಬ ಬೋಧಕನಾದ) ಅಪೊಲ್ಲೋಸನವನು ಎನ್ನುತ್ತಿದ್ದನು. ಸಹೋದರನು ಸಹೋದರನನ್ನು ನ್ಯಾಯಾಲಯಕ್ಕೆ ಎಳೆಯುತ್ತಿದ್ದನು. ಯೇಸುವಿನ ಮರಣವನ್ನು ನೆನೆದು ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಕೂಡಿಬಂದಾಗ ಉಳ್ಳವರು ಮೊದಲೇ ಉಂಡು ಕುಡಿದು ತೃಪ್ತರಾಗುತ್ತಿದ್ದರು, ಇಲ್ಲದವರು ಹಸಿದು ಕುಳಿತಿರುತ್ತಿದ್ದರು.

ಆದ್ದರಿಂದ ವರಗಳ ಸಮೃದ್ಧಿಯೂ ಶೈಶವವೂ ಒಂದೇ ಸಭೆಯಲ್ಲಿ, ಒಬ್ಬನೇ ಮನುಷ್ಯನಲ್ಲಿ ಕೂಡಿರಬಲ್ಲವು. ನಿಮ್ಮ ಕಿರಿಯ ಸಹೋದರಿ ಅಳೆಯಲು ಹಿಡಿದದ್ದು ಪೌಲನು ಹಿಡಿಯದ ಅಳತೆಗೋಲು. ಆದರೂ ಅವರ ವರವನ್ನು ನೀವು ಹಗುರವಾಗಿ ಕಾಣಬಾರದೆಂದು ಬೇಡುತ್ತೇನೆ. ತಾನು ಎಲ್ಲರಿಗಿಂತ ಹೆಚ್ಚಾಗಿ ಅನ್ಯಭಾಷೆಗಳಲ್ಲಿ ಮಾತನಾಡುತ್ತೇನೆಂದು ಹೇಳಿ ದೇವರನ್ನು ಕೊಂಡಾಡಿದವನು ಪೌಲನೇ. ಅವರು ಆಡಿದ್ದು ಕಠಿಣವಾದ ಮಾತು, ನಿಜ; ಹೊಸ ಉತ್ಸಾಹದಲ್ಲಿರುವವರಿಂದ ಇಂಥ ಮಾತು ಬರುವುದು ಅಪರೂಪವಲ್ಲ, ಅದನ್ನು ಸಹಿಸುವ ಶಕ್ತಿ ಹಿರಿಯರಾದ ನಿಮ್ಮಲ್ಲಿರಬೇಕು.

ಇನ್ನು ಬತ್ತಿಹೋದ ಕಣ್ಣೀರಿನ ವಿಷಯ. ಭಾವೋದ್ರೇಕ ದೇವರು ಕೊಡುವ ಒಳ್ಳೆಯ ವರವೇ, ಅದು ಬಂದಾಗ ಕೃತಜ್ಞರಾಗಿ ಸ್ವೀಕರಿಸಬೇಕು. ಆದರೆ ಅದು ಹೋದಾಗ ದೇವರೂ ಹೋದನೆಂದು ತೀರ್ಮಾನಿಸಲು ಸತ್ಯವೇದ ನಮಗೆ ಆಸ್ಪದ ಕೊಡುವುದಿಲ್ಲ. 88ನೆಯ ಕೀರ್ತನೆಯನ್ನು ಈ ವಾರ ನಿಧಾನವಾಗಿ ಓದಿರಿ. ಬಹುತೇಕ ದುಃಖದ ಕೀರ್ತನೆಗಳು ಕೊನೆಯಲ್ಲಿ ಸ್ತುತಿಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲೆಯಲ್ಲಿಯೇ ಮುಗಿಯುತ್ತದೆ. ಹಾಗಿದ್ದರೂ ಅದನ್ನು ಹಾಡಿದವನು ಹಗಲಿರುಳೂ ದೇವರಿಗೇ ಮೊರೆಯಿಡುತ್ತಾನೆ, ಆತನನ್ನು ತನ್ನ ರಕ್ಷಣೆಯ ದೇವರೆಂದೇ ಕರೆಯುತ್ತಾನೆ. ಏನೂ ಅನಿಸದಿರುವಾಗಲೂ ದೇವರ ಕಡೆಗೇ ಮುಖಮಾಡಿ ಕುಳಿತಿರುವ ಈ ಪ್ರಾರ್ಥನೆಯನ್ನು ದೇವಜನರು ತಮ್ಮ ಪ್ರಾರ್ಥನಾ ಗ್ರಂಥದಿಂದ ತೆಗೆದುಹಾಕದೆ ಪೀಳಿಗೆಯಿಂದ ಪೀಳಿಗೆಗೆ ಉಳಿಸಿಕೊಂಡು ಬಂದರು. ನಿಮ್ಮ ಬೆಳಗಿನ ಆ ಸ್ವಲ್ಪ ಹೊತ್ತು ಅವರ ಸಾಲಿಗೇ ಸೇರಿದ್ದು.

ಇದರ ಜೊತೆಗೆ ದೇಹದ ಮಾತನ್ನೂ ಹೇಳಲೇಬೇಕು, ಏಕೆಂದರೆ ನಮ್ಮ ಬೋಧನೆಗಳಲ್ಲಿ ಅದು ಬಹಳ ಕಡಿಮೆ. ರಾತ್ರಿ ಎರಡು ಮೂರು ಬಾರಿ ಎದ್ದು ರೋಗಿಯ ಮಗ್ಗುಲು ಬದಲಿಸುವವರ ಮನಸ್ಸು ಬೆಳಗಿನ ಜಾವ ಜಡವಾಗಿರುವುದು ಪಾಪವಲ್ಲ. ಪ್ರವಾದಿಯಾದ ಎಲೀಯನು ಸೋತು ಅರಣ್ಯದಲ್ಲಿ ಗಿಡವೊಂದರ ಕೆಳಗೆ ಮಲಗಿ ಸಾವನ್ನು ಬೇಡಿದಾಗ ದೂತನು ಅವನಿಗೆ ಉಪದೇಶ ಮಾಡಲಿಲ್ಲ. ಎಬ್ಬಿಸಿ ರೊಟ್ಟಿ ನೀರು ಕೊಟ್ಟನು, ಅವನು ಮತ್ತೆ ಮಲಗಿದನು, ಎರಡನೆಯ ಸಲ ಎಬ್ಬಿಸಿ ಮತ್ತೆ ಉಣಿಸಿದನು. ಹೋರೇಬ್ ಬೆಟ್ಟ, ಅಲ್ಲಿ ಕೇಳಿದ ದೇವರ ಮೆಲುದನಿ, ಎಲ್ಲವೂ ಅದಾದ ಮೇಲೆ.

ಹಾಗಾದರೆ ಬೆಳವಣಿಗೆಯನ್ನು ಎಲ್ಲಿ ನೋಡಬೇಕು? ಇಬ್ರಿಯರಿಗೆ ಬರೆದ ಪತ್ರದ ಐದನೆಯ ಅಧ್ಯಾಯವೂ ಹಾಲು ಮತ್ತು ಗಟ್ಟಿ ಆಹಾರದ ವಿಷಯವನ್ನು ಎತ್ತುತ್ತದೆ. ಅಲ್ಲಿ ಪ್ರಾಪ್ತವಯಸ್ಕರೆಂದರೆ ಅಭ್ಯಾಸದಿಂದ ಒಳ್ಳೆಯದನ್ನೂ ಕೆಟ್ಟದ್ದನ್ನೂ ವಿವೇಚಿಸಲು ಕಲಿತವರು. ಎಫೆಸದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾವೆಲ್ಲರೂ ಕೂಡಿಯೇ ಕ್ರಿಸ್ತನ ಪರಿಪೂರ್ಣತೆಯ ಅಳತೆಗೆ ಬೆಳೆಯಬೇಕು, ಪ್ರೀತಿಯಿಂದ ಸತ್ಯವನ್ನು ನುಡಿಯುತ್ತ, ಒಂದೊಂದು ಅಂಗವೂ ತನ್ನ ಕೆಲಸ ಮಾಡುವಾಗ ದೇಹವು ಬೆಳೆಯುತ್ತದೆ ಎನ್ನುತ್ತದೆ. ನನಗೆ ಇದು ಬಹಳ ಮುಖ್ಯವೆನಿಸುತ್ತದೆ. ಆತ್ಮಿಕ ಪ್ರೌಢತೆಯನ್ನು ನಾವು ಕೋಣೆಯ ಬಾಗಿಲು ಹಾಕಿಕೊಂಡು ನಮ್ಮೊಳಗೇ ಹುಡುಕುತ್ತೇವೆ. ಅಪೊಸ್ತಲರು ಅದನ್ನು ನಮ್ಮ ಮತ್ತು ಪಕ್ಕದ ವಿಶ್ವಾಸಿಯ ನಡುವೆ ಹುಡುಕಿದರು. ಗಲಾತ್ಯದವರಿಗೆ ಪೌಲನು ಹೇಳಿದ ಆತ್ಮನ ಫಲಗಳನ್ನೇ ನೋಡಿರಿ: ದೀರ್ಘಶಾಂತಿ, ದಯೆ, ನಂಬಿಕೆಗೆ ತಕ್ಕ ನಡತೆ, ಸಾಧುತ್ವ ಇವುಗಳಲ್ಲಿ ಯಾವುದನ್ನೂ ಇನ್ನೊಬ್ಬ ಮನುಷ್ಯನಿಲ್ಲದೆ ಅಭ್ಯಾಸ ಮಾಡಲಾಗದು.

ಈಗ ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಎರಡು ಪುಟ ಕಣ್ಣೀರಿನ ಬಗ್ಗೆ, ಒಂದು ಸಾಲು ವಾರಗಿತ್ತಿಯ ಬಗ್ಗೆ ಬರೆದಿದ್ದೀರಿ. ಪ್ರೀತಿಯಿಂದಲೇ ಹೇಳುತ್ತೇನೆ: ನಿಮ್ಮ ಬೆಳವಣಿಗೆಯ ಪ್ರಶ್ನೆ ಆ ಒಂದು ಸಾಲಿನಲ್ಲಿದೆ. ಅದನ್ನು ಬರೆಯದೆ ಇರಲಾಗಲಿಲ್ಲ ಎಂಬುದೇ ನಿಮ್ಮ ವಿವೇಚನೆ ಜೀವಂತವಾಗಿದೆ ಎಂಬುದಕ್ಕೆ ಸಾಕ್ಷಿ, ಹಾಗಾಗಿ ಇದನ್ನು ಗದರಿಕೆಯೆಂದು ಎಣಿಸಬೇಡಿ.

ಮಾರ್ಕನೆನಿಸಿಕೊಂಡ ಯೋಹಾನನನ್ನು ನೆನಪಿಸಿಕೊಳ್ಳಿ. ಪೌಲ ಬಾರ್ನಬರ ಮೊದಲ ಸೇವಾಯಾತ್ರೆಯಲ್ಲಿ ಅವನು ಪಂಫುಲ್ಯದ ಪೆರ್ಗೆಯವರೆಗೆ ಬಂದು, ಅಲ್ಲಿಂದ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂದಿರುಗಿದನು. ಮುಂದಿನ ಪ್ರಯಾಣಕ್ಕೆ ಅವನನ್ನು ಕರೆದುಕೊಂಡು ಹೋಗಬೇಕೆಂದು ಬಾರ್ನಬನೂ ಕೂಡದೆಂದು ಪೌಲನೂ ಹಟ ಹಿಡಿದು, ವಾಗ್ವಾದ ತೀವ್ರವಾಗಿ, ಜೊತೆಯಾಗಿ ದುಡಿದ ಇಬ್ಬರು ಬೇರೆ ಬೇರೆ ದಾರಿ ಹಿಡಿದರು. ಅಪೊಸ್ತಲರ ಕೃತ್ಯಗಳ ಹದಿನೈದನೆಯ ಅಧ್ಯಾಯವು ಇದನ್ನು ಯಾರ ಪಕ್ಷವನ್ನೂ ವಹಿಸದೆ ದಾಖಲಿಸಿದೆ. ಬಾರ್ನಬನ ಸೋದರಸಂಬಂಧಿಯೇ ಮಾರ್ಕನು ಎಂಬುದನ್ನು ಗಮನಿಸಿದರೆ ಸಭೆಯ ಜಗಳಗಳಲ್ಲಿ ನೆಂಟಸ್ತಿಕೆ ಸೇರಿಕೊಳ್ಳುವುದು ಹೊಸದೇನಲ್ಲ ಎಂಬುದೂ ತಿಳಿಯುತ್ತದೆ. ಆದರೆ ಮುಂದೆ ಸೆರೆಯಲ್ಲಿದ್ದುಕೊಂಡು ಕೊಲೊಸ್ಸೆಯವರಿಗೆ ಬರೆಯುವಾಗ ಅದೇ ಪೌಲನು, ಮಾರ್ಕನು ಬಂದರೆ ಅವನನ್ನು ಸೇರಿಸಿಕೊಳ್ಳಿರಿ ಎನ್ನುತ್ತಾನೆ. ತನ್ನ ಕಿರಿಯ ಜೊತೆಸೇವಕನಾದ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ತನ್ನ ಅಂತ್ಯ ಸಮೀಪಿಸಿತೆಂದು ತಿಳಿದ ಮೇಲೆ, ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ನನಗೆ ಉಪಯುಕ್ತನು ಎಂದು ಬೇಡುತ್ತಾನೆ. ನಡುವಿನ ವರ್ಷಗಳಲ್ಲಿ ಯಾರು ಮೊದಲು ಮಾತನಾಡಿದರು, ಯಾರು ಕ್ಷಮೆ ಕೇಳಿದರು ಎಂಬುದನ್ನು ಸತ್ಯವೇದ ಹೇಳುವುದಿಲ್ಲ. ಓಡಿಹೋದ ಯುವಕ ಬೆಳೆದನು. ಅವನನ್ನು ತಿರಸ್ಕರಿಸಿದ ಅಪೊಸ್ತಲನೂ ಬೆಳೆದನು ಎಂದು ನಾನು ಓದುತ್ತೇನೆ.

ರಾಜಿಯಾಗಬೇಕೆಂದರೆ ಗದ್ದೆಯ ಪಾಲನ್ನು ಬಿಟ್ಟುಕೊಡಬೇಕೆಂದು ನಾನು ಹೇಳುತ್ತಿಲ್ಲ. ನ್ಯಾಯವಾದ ಪಾಲನ್ನು ಕೇಳುವುದೂ ಮಾತು ಬಿಡುವುದೂ ಬೇರೆ ಬೇರೆ. ಪಾಲುಪಟ್ಟಿಯ ವಿಷಯ ಮನೆಯಲ್ಲಿ ಬಗೆಹರಿಯದಿದ್ದರೆ, ಸಹೋದರರ ನಡುವೆ ನ್ಯಾಯ ತೀರಿಸಬಲ್ಲ ಬುದ್ಧಿವಂತನು ನಿಮ್ಮಲ್ಲಿ ಒಬ್ಬನೂ ಇಲ್ಲವೇ ಎಂದು ಪೌಲನು ಕೊರಿಂಥದವರನ್ನು ಕೇಳಿದಂತೆ, ಇಬ್ಬರಿಗೂ ಒಪ್ಪಿಗೆಯಾದ ಸಭೆಯ ಹಿರಿಯರೊಬ್ಬರನ್ನು ಕೂರಿಸಿಕೊಳ್ಳಿ. ಆದರೆ ಅದಕ್ಕಾಗಿ ಕಾಯದೆ, ಮುಂದಿನ ಕರ್ತನ ಭೋಜನದ ಭಾನುವಾರಕ್ಕೆ ಮುಂಚೆ, ನೀವೇ ಅವರ ಮನೆಗೆ ಹೋಗಿ. ಯಜ್ಞವೇದಿಯ ಬಳಿ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂದ ಕರ್ತನು, ತಪ್ಪು ಯಾರದೆಂದು ಮೊದಲು ಲೆಕ್ಕ ಹಾಕು ಎನ್ನಲಿಲ್ಲ. ಅವರು ಬಾಗಿಲಲ್ಲೇ ಮುಖ ತಿರುಗಿಸಲೂಬಹುದು. ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂಬ ರೋಮಾಪುರದವರ ಪತ್ರದ ಮಾತಿನಲ್ಲಿ ನಿಮ್ಮ ಜವಾಬ್ದಾರಿಯೂ ಅದರ ಎಲ್ಲೆಯೂ ಎರಡೂ ಇವೆ.

ಸಂಡೇ ಸ್ಕೂಲಿನ ಕೆಲಸವನ್ನು ಒಪ್ಪಿಕೊಳ್ಳಿರಿ. ಪೂರ್ಣರಾದ ಮೇಲೆ ಕಲಿಸುತ್ತೇನೆ ಎಂದುಕೊಂಡರೆ ಪೌಲನಿಗೂ ಆ ಅವಕಾಶ ಸಿಗುತ್ತಿರಲಿಲ್ಲ. ಫಿಲಿಪ್ಪಿಯವರಿಗೆ ಬರೆಯುವಾಗಲೂ ಅವನು, ನಾನಿನ್ನೂ ಗುರಿ ಮುಟ್ಟಿಲ್ಲ, ಓಡುತ್ತಲೇ ಇದ್ದೇನೆ ಎಂದಿದ್ದಾನೆ. ಆದರೆ ಒಪ್ಪುವ ಮುನ್ನ ಸಭಾಪಾಲಕರಲ್ಲಿ ಒಂದನ್ನು ಕೇಳಿ: ತರಗತಿಯ ಆ ಒಂದು ಗಂಟೆ ಅತ್ತೆಯವರ ಬಳಿ ಸ್ತ್ರೀಯರ ಸಂಘದವರು ಸರದಿಯಂತೆ ಬಂದು ಕೂರಲಿ. ಇದನ್ನು ಕೇಳಲು ಸಂಕೋಚಪಡಬೇಡಿ. ನಿಮ್ಮ ಮನೆಯ ಭಾರದಲ್ಲಿ ಸಭೆಯೂ ಪಾಲು ತೆಗೆದುಕೊಳ್ಳಬೇಕಾದದ್ದೇ, ಕೂಟದಲ್ಲಿ ನಿಮ್ಮನ್ನು ನೋಯಿಸಿದ ಆ ಕಿರಿಯ ಸಹೋದರಿಯನ್ನೇ ಮೊದಲ ಭಾನುವಾರಕ್ಕೆ ಕರೆದರೂ ಒಳ್ಳೆಯದೇ.

ಕ್ರಿಸ್ತನ ಸೇವೆಯಲ್ಲಿ,
ಸಂಪಾದಕ