ತೂಕದ ಚೀಟಿ ಸಾಫ್ಟ್‌ವೇರ್‌ಗೆ ವಿಷುವಲ್ ಸ್ಟುಡಿಯೋ ಪ್ರೊಫೆಷನಲ್ಲೇ ಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಹಾಸನದ ಕಾಫಿ ವ್ಯಾಪಾರಿಗಳಿಗೆ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ನವರಿಗೆ ತೂಕದ ಚೀಟಿ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಎಷ್ಟು ಬೀಜ ಸಿಗುತ್ತೆ ಅನ್ನೋ) ಲೆಕ್ಕ, ಬಿಲ್ಲು ಇರುವ ಸಾಫ್ಟ್‌ವೇರನ್ನು ಸಿ ಶಾರ್ಪ್‌ನಲ್ಲಿ ಒಬ್ಬರೇ ಬರೆಯುತ್ತಿದ್ದೀರಿ. ಲಾರಿ ತೂಗುವ ವೇಬ್ರಿಡ್ಜ್‌ನಿಂದ ತೂಕ ಓದಬೇಕಾದರೆ, ಮೈಕ್ರೋಸಾಫ್ಟ್‌ನ ಪ್ರೋಗ್ರಾಂ ಬರೆಯುವ ಸಾಧನವಾದ ವಿಷುವಲ್ ಸ್ಟುಡಿಯೋದ ಸ್ಟ್ಯಾಂಡರ್ಡ್ ಆವೃತ್ತಿ ಸಾಲದು, ಪ್ರೊಫೆಷನಲ್ಲೇ ಬೇಕು ಅಂತ ಯಾರೋ ಹೇಳಿದ್ದಾರೆ.

ಸ್ಟ್ಯಾಂಡರ್ಡ್ ಆವೃತ್ತಿ ಈಗ ಇಲ್ಲವೇ ಇಲ್ಲ. ವಿಷುವಲ್ ಸ್ಟುಡಿಯೋ 2008ಕ್ಕೇ ಅದು ಕೊನೆ. ಈಗಿರೋದು ಕಮ್ಯುನಿಟಿ, ಪ್ರೊಫೆಷನಲ್, ಎಂಟರ್‌ಪ್ರೈಸ್. ಇದರಲ್ಲಿ ಕಮ್ಯುನಿಟಿ ಉಚಿತ, 2014ರಿಂದ ಇದೆ. ಕಂಪೈಲರ್, ಫಾರ್ಮ್ ಡಿಸೈನರ್, ಡೀಬಗರ್ ಎಲ್ಲ ಪ್ರೊಫೆಷನಲ್‌ನಲ್ಲಿ ಇರುವಂಥದ್ದೇ. ಅದರಲ್ಲಿ ಮಾಡಿದ ಸಾಫ್ಟ್‌ವೇರನ್ನು ದುಡ್ಡಿಗೆ ಮಾರಲೂಬಹುದು. ಇಂಟೆಲಿಟ್ರೇಸ್, ಲೈವ್ ಯೂನಿಟ್ ಟೆಸ್ಟಿಂಗ್ ಥರದ, ದೋಷ ಹುಡುಕಿ ಪರೀಕ್ಷಿಸುವ ಸೌಲಭ್ಯಗಳು ಎಂಟರ್‌ಪ್ರೈಸ್‌ಗೆ ಮೀಸಲು. ನಿಮ್ಮ ಕೆಲಸಕ್ಕೆ ಅವು ಬೇಕಿಲ್ಲ.

ವೇಬ್ರಿಡ್ಜ್ ವಿಷಯದಲ್ಲಿ ನಿಮಗೆ ಹೇಳಿದ್ದು ಪೂರ್ತಿ ತಪ್ಪು. ಸೀರಿಯಲ್ ಪೋರ್ಟ್ (ತೂಕದ ಡೇಟಾ ಕಂಪ್ಯೂಟರ್‌ಗೆ ಬರುವ ಕಿಂಡಿ) ಓದುವ ಕ್ಲಾಸ್, ಅಂದರೆ ಸಿದ್ಧ ಕೋಡ್, ಸಿ ಶಾರ್ಪ್ ಪ್ರೋಗ್ರಾಂಗಳ ತಳಹದಿಯಾದ ಹಳೇ ಡಾಟ್‌ನೆಟ್ ಫ್ರೇಮ್‌ವರ್ಕ್‌ನಲ್ಲಿ ಒಳಗೇ ಇದೆ. ಡಾಟ್‌ನೆಟ್ 5ರಿಂದ ಈಚೆಗೆ ಸಿಸ್ಟಮ್ ಐಒ ಪೋರ್ಟ್ಸ್ ಅನ್ನೋ ನುಗೆಟ್ ಪ್ಯಾಕೇಜ್ (ಪ್ರಾಜೆಕ್ಟ್‌ಗೆ ಬೇರೆಯಾಗಿ ಸೇರಿಸುವ ಸಿದ್ಧ ಕೋಡ್) ಹಾಕಿಕೊಳ್ಳಬೇಕು. ತೂಕ ಬರುತ್ತಿಲ್ಲ ಅಂದರೆ ಕಾರಣ ಬೇರೆ ಇರುತ್ತೆ. ವೇಬ್ರಿಡ್ಜ್‌ನ ತೂಕ ತೋರಿಸುವ ಇಂಡಿಕೇಟರ್‌ನಲ್ಲಿ ಬಾಡ್ ರೇಟ್ (ಡೇಟಾ ಕಳಿಸುವ ವೇಗ) 2400 ಇದ್ದು ನೀವು 9600 ಕೊಟ್ಟಿದ್ದರೆ ಪರದೆ ಮೇಲೆ ಕಸ ಬರುತ್ತೆ. ಅದು ಸರಿ ಇದ್ದೂ 12340 ಬರಬೇಕಾದ ಕಡೆ 123 ಬರುತ್ತಿದ್ದರೆ, ಡೇಟಾ ತುಂಡುತುಂಡಾಗಿ ಬರುತ್ತಿದೆ, ನೀವು ಮೊದಲ ತುಂಡನ್ನೇ ತೂಕ ಅಂದುಕೊಂಡಿದ್ದೀರಿ. ಬಂದದ್ದನ್ನೆಲ್ಲ ಬಫರ್‌ಗೆ (ತಾತ್ಕಾಲಿಕ ಜಾಗಕ್ಕೆ) ಸೇರಿಸುತ್ತಾ ಹೋಗಿ, ಸಾಲು ಮುಗಿಯುವ ಅಕ್ಷರ ಸಿಕ್ಕ ಮೇಲೆ ಓದಿ. ಡೇಟಾ ಬರೋದು ಪರದೆಯನ್ನು ನಡೆಸುವ ಥ್ರೆಡ್‌ನಲ್ಲಲ್ಲ (ಪ್ರೋಗ್ರಾಂನೊಳಗಿನ ಕೆಲಸದ ಸಾಲಿನಲ್ಲಲ್ಲ), ಬೇರೆಯದರಲ್ಲಿ, ಹಾಗಾಗಿ ಟೆಕ್ಸ್ಟ್ ಬಾಕ್ಸ್‌ಗೆ, ಕೆಲಸವನ್ನು ಪರದೆಯ ಥ್ರೆಡ್‌ಗೆ ಒಪ್ಪಿಸುವ ಇನ್ವೋಕ್ ಮೂಲಕವೇ ಹಾಕಬೇಕು.

ಪ್ರೊಫೆಷನಲ್ ಯಾವಾಗ ಬೇಕು ಅಂತ ತೀರ್ಮಾನ ಮಾಡೋದು ಲೈಸೆನ್ಸ್. 250ಕ್ಕಿಂತ ಹೆಚ್ಚು ಕಂಪ್ಯೂಟರ್ ಅಥವಾ ಬಳಕೆದಾರರು, ಇಲ್ಲವೇ ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಹೆಚ್ಚು ಆದಾಯ ಇರುವ ಸಂಸ್ಥೆಯನ್ನು ಮೈಕ್ರೋಸಾಫ್ಟ್ ‘ಎಂಟರ್‌ಪ್ರೈಸ್’ (ದೊಡ್ಡ ಸಂಸ್ಥೆ) ಅಂತ ಪರಿಗಣಿಸುತ್ತೆ. ಅಂಥವರ ನೌಕರರಾಗಲಿ, ಗುತ್ತಿಗೆ ಮೇಲೆ ಕೆಲಸ ಮಾಡುವವರಾಗಲಿ ಅವರ ಅಪ್ಲಿಕೇಶನ್ ಬರೆಯಲು ಕಮ್ಯುನಿಟಿ ಬಳಸುವಂತಿಲ್ಲ. ಓಪನ್ ಸೋರ್ಸ್, ತರಗತಿ ಪಾಠ, ಶೈಕ್ಷಣಿಕ ಸಂಶೋಧನೆ ಥರದ ಕೆಲವಕ್ಕೆ ಮಾತ್ರ ವಿನಾಯಿತಿ. 10 ಲಕ್ಷ ಡಾಲರ್ ಅಂದರೆ 8 ಕೋಟಿ ರೂಪಾಯಿಗೂ ಮೇಲೆ. ಕೇಳೋಕೆ ದೊಡ್ಡದು, ಆದರೆ ಕಾಫಿ ವ್ಯವಹಾರದಲ್ಲಿ ಈ ವಹಿವಾಟು ದೊಡ್ಡದಲ್ಲ. ಮೂಟೆ ರೇಟು ಏರಿದ ವರ್ಷ ಮಧ್ಯಮ ವ್ಯಾಪಾರಿಯೂ ಇದನ್ನು ದಾಟಿರುತ್ತಾನೆ.

ಹಾಗಾಗಿ ನೋಡಬೇಕಾದ್ದು, ಸಾಫ್ಟ್‌ವೇರ್ ಯಾರದು ಅಂತ. ಅದು ನಿಮ್ಮದೇ ಉತ್ಪನ್ನವಾಗಿದ್ದು, ಹತ್ತು ಜನರಿಗೆ ಮಾರುತ್ತೀರಿ ಅಂದರೆ ಕಮ್ಯುನಿಟಿ ಸಾಕು, ಕೊಳ್ಳುವವರು ಎಷ್ಟೇ ದೊಡ್ಡವರಾಗಿರಲಿ. ಒಂದು ದೊಡ್ಡ ಕ್ಯೂರಿಂಗ್ ವರ್ಕ್ಸ್ ನಿಮ್ಮನ್ನು ಗುತ್ತಿಗೆಗೆ ಇಟ್ಟುಕೊಂಡು ತಮ್ಮದೇ ಸಾಫ್ಟ್‌ವೇರ್ ಬರೆಸಿಕೊಳ್ಳುತ್ತಿದ್ದರೆ ಪ್ರೊಫೆಷನಲ್ ಬೇಕು, ಅದರ ಖರ್ಚನ್ನು ಕೊಟೇಶನ್‌ನಲ್ಲೇ ಸೇರಿಸಿ. ಮುಂದೆ ಹುಡುಗರನ್ನು ಸೇರಿಸಿಕೊಂಡರೂ, ಸಣ್ಣ ಸಂಸ್ಥೆಯಲ್ಲಿ ಕಮ್ಯುನಿಟಿ ಬಳಸುವವರು 5 ಜನ ಮೀರಬಾರದು. ಇಲ್ಲಿ ಲೆಕ್ಕಕ್ಕೆ ಬರೋದು ಕೋಡ್ ಬರೆಯುವವರು, ನಿಮ್ಮ ಸಾಫ್ಟ್‌ವೇರ್‌ನಲ್ಲಿ ಚೀಟಿ ಹೊಡೆಯುವವರಲ್ಲ.

ಪ್ರೊಫೆಷನಲ್ಲೇ ಬೇಕಾದರೆ ತಿಂಗಳ ಬಾಡಿಗೆ ತಗೊಳ್ಳಿ, ತಲೆಗೆ 45 ಡಾಲರ್, ತೆರಿಗೆ ಬೇರೆ. ಮೂರು ತಿಂಗಳ ಕೆಲಸಕ್ಕೆ ಇದೇ ಅಗ್ಗ. ಕೆಲವು ನೂರು ರೂಪಾಯಿಗೆ ಲೈಫ್‌ಟೈಮ್ ಕೀ ಅಂತ ಆನ್‌ಲೈನ್‌ನಲ್ಲಿ ಮಾರುವುದನ್ನು ಮುಟ್ಟಬೇಡಿ. ಕೀ ಆಕ್ಟಿವೇಟ್ ಆದ ಮಾತ್ರಕ್ಕೆ ಲೈಸೆನ್ಸ್ ನಿಮ್ಮದಾಗಲ್ಲ.

ನನ್ನ ಕೇಳಿದರೆ ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ್ದು ಡೇಟಾಬೇಸ್ ಬಗ್ಗೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಆದ ಎಸ್‌ಕ್ಯುಎಲ್ ಸರ್ವರ್‌ನ ಡೆವಲಪರ್ ಆವೃತ್ತಿ ಉಚಿತ ಅಂತ ಅದನ್ನೇ ಗಿರಾಕಿಯ ಕಂಪ್ಯೂಟರ್‌ಗೆ ಹಾಕಿಬಿಡುವವರಿದ್ದಾರೆ. ಅದಕ್ಕೆ ಅನುಮತಿ ಇಲ್ಲ, ಅದು ಬರೀ ಬರೆದು ಪರೀಕ್ಷಿಸೋಕೆ. ಗಿರಾಕಿಗೆ ಅದರ ಉಚಿತ ಎಕ್ಸ್‌ಪ್ರೆಸ್ ಆವೃತ್ತಿ ಹಾಕಿ. 2022ರ ಎಕ್ಸ್‌ಪ್ರೆಸ್‌ನಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಚೀಟಿಗೆ 1 ಕೆಬಿ ಹಿಡಿದರೂ 10 ಲಕ್ಷ ಚೀಟಿಗೆ ಸುಮಾರು 1 ಜಿಬಿ, ಭಯವಿಲ್ಲ. ಆದರೆ ಲಾರಿಯ ಫೋಟೋವನ್ನೂ ಟೇಬಲ್‌ಗೇ ತುಂಬಿದರೆ, ಒಂದಕ್ಕೆ 200 ಕೆಬಿಯಂತೆ 50 ಸಾವಿರ ಫೋಟೋಗೆ ಜಾಗ ಖಾಲಿ. ಮಿತಿ ಮುಟ್ಟಿದ ಮೇಲೆ ಹೊಸ ಚೀಟಿ ಸೇವ್ ಆಗಲ್ಲ, ಅದೂ ಕೊಯ್ಲಿನ ಕಾಲದಲ್ಲಿ ಗೇಟ್ ಮುಂದೆ ಲಾರಿ ಸಾಲುಗಟ್ಟಿದಾಗಲೇ ಆಗೋದು. ಫೋಟೋ ಫೋಲ್ಡರ್‌ನಲ್ಲಿ ಇಡಿ, ಟೇಬಲ್‌ನಲ್ಲಿ ಅದರ ಹಾದಿ ಮಾತ್ರ ಸಾಕು. ಎಕ್ಸ್‌ಪ್ರೆಸ್‌ನಲ್ಲಿ ಏಜೆಂಟ್ (ನಿಗದಿತ ಹೊತ್ತಿಗೆ ಕೆಲಸ ತಾನಾಗೇ ಮಾಡುವ ಭಾಗ) ಇಲ್ಲ, ಆದ್ದರಿಂದ ದಿನದ ಬ್ಯಾಕಪ್ ತಾನಾಗೇ ಆಗಬೇಕಾದರೆ ವಿಂಡೋಸ್ ಟಾಸ್ಕ್ ಶೆಡ್ಯೂಲರ್‌ನಿಂದ, ಡೇಟಾಬೇಸ್‌ಗೆ ಆದೇಶ ಕೊಡುವ ಎಸ್‌ಕ್ಯುಎಲ್‌ಸಿಎಂಡಿ ಓಡಿಸಿ. ರೈತರ ಹೆಸರು ಕನ್ನಡದಲ್ಲಿ ಇಡುವುದಾದರೆ ಕಾಲಮ್ ಎನ್‌ವಾರ್‌ಚಾರ್ (ಯೂನಿಕೋಡ್ ಅಕ್ಷರ ಹಿಡಿಯುವ ಬಗೆ) ಇರಲಿ, ಇಲ್ಲದಿದ್ದರೆ ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಕೂರುತ್ತವೆ.

ಇನ್ನೊಂದು, ಕಮ್ಯುನಿಟಿ 30 ದಿನ ಆದಮೇಲೆ ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಕೇಳುತ್ತೆ, ಆಮೇಲೂ ಆಗಾಗ ಲೈಸೆನ್ಸ್ ನವೀಕರಿಸಿ ಅನ್ನುತ್ತೆ. ಸಕಲೇಶಪುರ, ಮೂಡಿಗೆರೆ ಕಡೆ ತೋಟಕ್ಕೆ ಲ್ಯಾಪ್‌ಟಾಪ್ ಒಯ್ಯುವ ಮುಂಚೆ ಊರಲ್ಲೇ ಒಮ್ಮೆ ತೆರೆದು, ಖಾತೆಯ ಪುಟದಲ್ಲಿ ಲೈಸೆನ್ಸ್ ಸರಿಯಿದೆಯಾ ನೋಡಿಕೊಂಡು ಹೊರಡಿ.